ಉತ್ತರ ಕೊಟ್ಟವರ ಋಣ: ಶುಶ್ರೂಷಾ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳ ಸದಸ್ಯರಿಗೆ, ನರ್ಸಿಂಗ್ ಪರಿಷತ್ತುಗಳ ಪದಾಧಿಕಾರಿಗಳಿಗೆ,

ಮಾನ್ಯರೇ,

ಕೆಲವು ವರ್ಷಗಳ ಹಿಂದೆ ನನ್ನ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಮೂಳೆ ವಾರ್ಡ್‌ನಲ್ಲಿ ಮಾಹಿತಿ ಸಂಗ್ರಹಿಸುತ್ತಿದ್ದಳು. ನಾನು ಅವಳ ಮಾರ್ಗದರ್ಶಕಿ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನ ಕಳೆದಿದ್ದ ಒಬ್ಬ ಅಜ್ಜಿ ಪ್ರಶ್ನಾವಳಿಗೆ ಉತ್ತರಿಸಲು ಒಪ್ಪಿದ್ದರು. ಒಟ್ಟು 40 ಪ್ರಶ್ನೆ. ಅವರಿಗೆ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಹುಡುಗಿ ಒಂದೊಂದನ್ನೇ ಓದಿ ಹೇಳುತ್ತಿದ್ದಳು, ಅವರು ಯೋಚಿಸಿ ಉತ್ತರಿಸುತ್ತಿದ್ದರು. ಮಧ್ಯೆ ಎರಡು ಸಲ ನೋವಿಗೆ ಕಣ್ಣು ಮುಚ್ಚಿಕೊಂಡರು. ನಿಲ್ಲಿಸೋಣವೇ ಎಂದು ಕೇಳಿದರೆ, ಬೇಡ, ಮುಗಿಸಿಬಿಡಿ ಎಂದರು. ಕೊನೆಯ ಪ್ರಶ್ನೆ ಮುಗಿದಾಗ ಅವರೇ ಒಂದು ಪ್ರಶ್ನೆ ಕೇಳಿದರು: "ಇದರಿಂದ ನನ್ನ ಹಾಗೆ ಬಿದ್ದು ಬರುವವರಿಗೆ ಮುಂದೆ ಏನಾದರೂ ಅನುಕೂಲವಾಗುತ್ತದೆಯೇನಮ್ಮಾ?"

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಆಗುತ್ತದೆ ಎಂದು ನಾನೇ ಹೇಳಿದೆ.

ಆ ಪ್ರಬಂಧ ಈಗ ಗ್ರಂಥಾಲಯದ ಬೀರುವಿನಲ್ಲಿದೆ. ಪರೀಕ್ಷಕರು ಓದಿದರು, ಅಂಕ ಬಂತು, ಪದವಿ ಬಂತು. ಆ ವಾರ್ಡ್‌ಗೆ ಅದರ ಒಂದು ಹಾಳೆಯೂ ಹೋಗಲಿಲ್ಲ. ಅಜ್ಜಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ಇತ್ತೀಚೆಗೆ ಆ ಬೀರುವನ್ನು ತೆರೆದು ಒಂದು ಮಧ್ಯಾಹ್ನವಿಡೀ ಕುಳಿತು ಹಳೆಯ ಪ್ರಬಂಧಗಳನ್ನು ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ಅಧ್ಯಯನ ಬೇರೆ ಬೇರೆ ಹೆಸರಿನಲ್ಲಿತ್ತು. ಒಂದು ಗುಂಪನ್ನು ಆರಿಸಿಕೊಳ್ಳುವುದು, ಒಂದು ವಿಷಯದ ಬಗ್ಗೆ ಅವರಿಗೆಷ್ಟು ತಿಳಿದಿದೆ ಎಂದು ಪರೀಕ್ಷಿಸುವುದು, ಮುಕ್ಕಾಲು ಗಂಟೆ ಪಾಠ ಹೇಳುವುದು, ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು, ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿದೆ ಎಂದು ಬರೆಯುವುದು. ಒಮ್ಮೆ ಮಧುಮೇಹ, ಒಮ್ಮೆ ಎದೆಹಾಲು, ಒಮ್ಮೆ ಕೈತೊಳೆಯುವಿಕೆ. ಪಾಠ ಕೇಳಿದವರಿಗೆ ವಾರದ ನಂತರ ಪಾಠ ನೆನಪಿರುತ್ತದೆ ಎಂಬುದನ್ನು ನಾವು ಇನ್ನೆಷ್ಟು ಸಲ ಸಾಬೀತುಪಡಿಸಬೇಕು? ಆರು ತಿಂಗಳ ನಂತರ ಆ ತಾಯಂದಿರು ಏನು ಮಾಡುತ್ತಿದ್ದರು, ಆ ರೋಗಿಗಳ ಕಾಲಿನ ಗಾಯ ವಾಸಿಯಾಯಿತೇ, ಯಾರೂ ನೋಡಿರಲಿಲ್ಲ. ನೋಡಲು ಸಮಯವೇ ಇರಲಿಲ್ಲ. ಅವುಗಳಲ್ಲಿ ಹಲವಕ್ಕೆ ಮಾರ್ಗದರ್ಶಕಿಯೆಂದು ಸಹಿ ಹಾಕಿದವಳು ನಾನೇ. ಆದ್ದರಿಂದ ಇದನ್ನು ವಿದ್ಯಾರ್ಥಿಗಳ ಮೇಲಿನ ದೂರೆಂದು ದಯವಿಟ್ಟು ಓದಬೇಡಿ.

ಸಂಶೋಧನೆ ನಮ್ಮ ವೃತ್ತಿಗೆ ಏಕೆ ಬೇಕು ಎಂಬುದನ್ನು ನಾನು ಅರಿತದ್ದು ಒಂದು ಬಾಟಲಿ ಸ್ಪಿರಿಟ್‌ನಿಂದ. ನಾನು ವಿದ್ಯಾರ್ಥಿನಿಯಾಗಿದ್ದಾಗ ಹಾಸಿಗೆ ಹಿಡಿದ ರೋಗಿಗಳ ಬೆನ್ನಿಗೆ ದಿನವೂ ಸ್ಪಿರಿಟ್ ಹಚ್ಚಿ, ಮೂಳೆ ಎದ್ದು ಕಾಣುವ ಜಾಗಗಳನ್ನು ಚೆನ್ನಾಗಿ ಉಜ್ಜಿ, ಪೌಡರ್ ಹಾಕಬೇಕಿತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಉಜ್ಜುವ ರೀತಿಗೂ ಅಂಕವಿತ್ತು. ನಾನು ಅದರಲ್ಲಿ ಒಳ್ಳೆಯ ಅಂಕ ಪಡೆದವಳು. ಜೊತೆಯಲ್ಲಿದ್ದ ಗೆಳತಿಯೊಬ್ಬಳು ಒಮ್ಮೆ, ಚರ್ಮ ಕೆಂಪಾದ ಮೇಲೂ ಉಜ್ಜಬೇಕೇ ಎಂದು ಕೇಳಿದಳು. ಮೊದಲಿನಿಂದಲೂ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ ಎಂಬ ಉತ್ತರ ಬಂತು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಒತ್ತಡಕ್ಕೆ ಸಿಕ್ಕಿ ಮೊದಲೇ ಸೊರಗಿರುವ ಜಾಗವನ್ನು ಬಲವಾಗಿ ಉಜ್ಜಿದರೆ ಒಳಗಿನ ಅಂಗಾಂಶಕ್ಕೆ ಪೆಟ್ಟಾಗಬಹುದು ಎಂದು ನಾನು ಓದಿ ತಿಳಿದದ್ದು ಶಿಕ್ಷಕಿಯಾದ ಮೇಲೆ. ಅಪಾಯದಲ್ಲಿರುವ ಚರ್ಮವನ್ನು ಹಾಗೆ ಉಜ್ಜಬೇಡಿ ಎಂದು ಇಂದಿನ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ನಾನು ಉಜ್ಜಿದ ಬೆನ್ನುಗಳನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ. ಗೆಳತಿಯ ಪ್ರಶ್ನೆ ಸರಿಯಾಗಿತ್ತು. ಅದನ್ನು ಎತ್ತಿಕೊಂಡು ಹೋಗಿ ಪರೀಕ್ಷಿಸುವ ದಾರಿ ಅವಳಿಗೂ ಇರಲಿಲ್ಲ, ಉತ್ತರ ಕೊಟ್ಟವರಿಗೂ ಇರಲಿಲ್ಲ.

ದಾರಿ ಇದ್ದವರು ಏನು ಮಾಡಿದರು ಎಂಬುದಕ್ಕೆ ಇದೇ ವಿಷಯದಲ್ಲಿ ಒಂದು ಉದಾಹರಣೆಯಿದೆ. ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಅವರು ಸಹೋದ್ಯೋಗಿಗಳೊಂದಿಗೆ ವೃದ್ಧರ ವಾರ್ಡ್‌ಗಳಲ್ಲಿ ನಡೆಸಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ಯಾವ ರೋಗಿಗೆ ಒತ್ತಡದ ಹುಣ್ಣು, ಅಂದರೆ ಬಹಳ ಹೊತ್ತು ಅಲುಗಾಡದೆ ಮಲಗಿದಾಗ ಒತ್ತು ಬಿದ್ದ ಜಾಗದಲ್ಲಿ ಏಳುವ ಹುಣ್ಣು, ಆಗುತ್ತದೆ, ಯಾರಿಗೆ ಆಗುವುದಿಲ್ಲ, ಅದನ್ನು ಮೊದಲೇ ಗುರುತಿಸಬಹುದೇ ಎಂಬುದು ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು. ಹಾಸಿಗೆ ಹಾಸುವ ಯಾವ ನರ್ಸ್‌ಗೂ ಹುಟ್ಟಬಹುದಾದ ಪ್ರಶ್ನೆ ಅದು. ದೈಹಿಕ ಸ್ಥಿತಿ, ಮಾನಸಿಕ ಸ್ಥಿತಿ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಮಲಮೂತ್ರದ ಮೇಲಿನ ಹಿಡಿತ, ಈ ಐದಕ್ಕೂ 1ರಿಂದ 4ರವರೆಗೆ ಅಂಕ ಕೊಟ್ಟು 20ಕ್ಕೆ ಲೆಕ್ಕ ಹಾಕುವ ಮಾಪನ ಅಲ್ಲಿಂದ ಬಂತು. 14 ಅಥವಾ ಅದಕ್ಕಿಂತ ಕಡಿಮೆ ಬಂದವರ ಮೇಲೆ ಹೆಚ್ಚಿನ ನಿಗಾ ಇಡಬೇಕು. ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ, ಒಂದು ಹಾಳೆ ಮತ್ತು ರೋಗಿಯನ್ನು ಸರಿಯಾಗಿ ನೋಡಬಲ್ಲ ಕಣ್ಣು ಸಾಕು. ಇದೇ ಅಪಾಯವನ್ನು ಅಳೆಯುವ, 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪನವನ್ನು ರೂಪಿಸಿದವರೂ ನರ್ಸ್‌ಗಳೇ. ನಾನು ಇಂದು ವಿದ್ಯಾರ್ಥಿಗಳಿಗೆ ಈ ಎರಡನ್ನೂ ಕಲಿಸುತ್ತೇನೆ. ಅವುಗಳ ಹಿಂದಿನ ಪ್ರಶ್ನೆ ಹುಟ್ಟಿದ್ದು ವಾರ್ಡ್‌ನಲ್ಲಿ, ಉತ್ತರ ಮರಳಿದ್ದೂ ವಾರ್ಡ್‌ಗೇ ಎಂದು ಪ್ರತಿ ವರ್ಷ ಹೇಳುತ್ತೇನೆ.

ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರ ನಮ್ಮ ಕಾಲೇಜುಗಳ ಗೋಡೆಯ ಮೇಲೆ ಇರುತ್ತದೆ, ಕೈಯಲ್ಲಿ ದೀಪ. ಕ್ರಿಮಿಯನ್ ಯುದ್ಧದ ವೇಳೆ 1854ರಲ್ಲಿ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದ ಅವರು ಅಲ್ಲಿಂದ ಮರಳಿದ ಮೇಲೆ ಸಾವಿನ ಅಂಕಿಅಂಶಗಳೊಂದಿಗೆ ವರ್ಷಗಟ್ಟಲೆ ಕುಳಿತಿದ್ದರು. ಯುದ್ಧದಲ್ಲಿ ಗಾಯದಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾದ ಕಾಯಿಲೆಗಳಿಂದ ಸತ್ತವರೇ ಬಹಳ ಹೆಚ್ಚು ಎಂಬುದನ್ನು ಆಡಳಿತಗಾರರ ಕಣ್ಣಿಗೆ ಕಾಣುವಂತೆ ಬಣ್ಣದ ನಕ್ಷೆಯಾಗಿ ಬರೆದು ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಅದರ ಹಾದಿಯಲ್ಲಿ ಹಬ್ಬಿದ ಶಾಲೆಗಳು ಶಿಸ್ತನ್ನು ಉಳಿಸಿಕೊಂಡವು. ಲೆಕ್ಕ ಇಡುವ ಅಭ್ಯಾಸ ಹಿಂದೆ ಬಿತ್ತು. ಅಮೆರಿಕದಲ್ಲಿ 'ನರ್ಸಿಂಗ್ ರಿಸರ್ಚ್' ಪತ್ರಿಕೆ ಹುಟ್ಟಿದ್ದು 1952ರಲ್ಲಿ, ಆ ಶಾಲೆ ಆರಂಭವಾದ 92 ವರ್ಷಗಳ ನಂತರ. ಇಷ್ಟು ತಡವಾಗಿ ಹೊರಟ ನಮಗೆ ನಡಿಗೆಯಲ್ಲಿ ಅವಸರವಿರುವುದು ಸಹಜ. ಆ ಅವಸರದಲ್ಲಿ ನಾವು ಎಣಿಸಲು ಸುಲಭವಾದದ್ದನ್ನು ಎಣಿಸತೊಡಗಿದೆವು: ಎಷ್ಟು ಪ್ರಬಂಧ, ಎಷ್ಟು ಲೇಖನ, ಎಷ್ಟು ಸಮ್ಮೇಳನದ ಪ್ರಮಾಣಪತ್ರ.

ಒಬ್ಬ ನರ್ಸಿಂಗ್ ಶಿಕ್ಷಕಿಯ ದಿನ ಹೇಗಿರುತ್ತದೆ ಎಂದು ಹೇಳಬೇಕು, ಏಕೆಂದರೆ ನಿಯಮ ಬರೆಯುವ ಮೇಜಿನಿಂದ ಅದು ಕಾಣುವುದಿಲ್ಲ. ಬೆಳಿಗ್ಗೆ ವಿದ್ಯಾರ್ಥಿಗಳೊಂದಿಗೆ ವಾರ್ಡ್‌ನಲ್ಲಿರಬೇಕು. ಮೊದಲ ಸಲ ಚುಚ್ಚುಮದ್ದು ಕೊಡುವ ಹುಡುಗನ ಕೈ ನಡುಗುತ್ತಿರುತ್ತದೆ, ಅವನ ಪಕ್ಕದಿಂದ ಕದಲುವಂತಿಲ್ಲ. ಮಧ್ಯಾಹ್ನ ತರಗತಿ. ಆಮೇಲೆ ಲಾಗ್‌ಬುಕ್‌ಗಳಿಗೆ ಸಹಿ, ಕೇಸ್ ವರದಿಗಳ ತಿದ್ದುಪಡಿ, ಆಂತರಿಕ ಅಂಕಗಳು, ತಪಾಸಣಾ ತಂಡಕ್ಕೆ ಕಡತಗಳು. ಈ ಎಲ್ಲದರ ನಂತರ ಸಂಜೆ ಉಳಿದ ಶಕ್ತಿಯಲ್ಲಿ ಸಂಶೋಧನೆ. ಬಡ್ತಿಗೆ ಪ್ರಕಟಿತ ಲೇಖನ ಬೇಕೆಂದು ನಿಯಮವಿದೆ. ಆ ಲೇಖನಕ್ಕೆ ಬೇಕಾದ ಒಂದು ಗಂಟೆಯೂ ವೇಳಾಪಟ್ಟಿಯಲ್ಲಿಲ್ಲ. ಹೀಗಿರುವಾಗ ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಯಾವುದನ್ನಾದರೂ ಪ್ರಕಟಿಸುವ ಪತ್ರಿಕೆಗಳ ಬಾಗಿಲಿಗೆ ಜನ ಹೋದರೆ ಅವರನ್ನು ಮಾತ್ರ ಬೈಯುವುದು ನ್ಯಾಯವಲ್ಲ. ನಾವು ಕೇಳಿದ್ದು ಲೇಖನದ ಸಂಖ್ಯೆ, ಅವರು ತಂದುಕೊಟ್ಟದ್ದೂ ಅದನ್ನೇ.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಒಬ್ಬ ವಿದ್ಯಾರ್ಥಿ ತುಂಬಾ ಶ್ರದ್ಧೆಯಿಂದ ಒಂದು ಅಧ್ಯಯನ ಮಾಡಿದ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಹೇಳಿಕೊಟ್ಟ ಉಸಿರಾಟದ ವ್ಯಾಯಾಮದಿಂದ ಅವರ ಆತಂಕ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂಕಿಗಳನ್ನು ಮೂರು ಸಲ ಪರಿಶೀಲಿಸಿದೆವು. ಮೌಖಿಕ ಪರೀಕ್ಷೆಯಲ್ಲಿ, ಹಾಗಾದರೆ ನಿಮ್ಮ ಅಧ್ಯಯನ ವಿಫಲವಾಯಿತಲ್ಲ ಎಂದು ಅವನಿಗೆ ಹೇಳಲಾಯಿತು. ಮುಂದಿನ ವರ್ಷದ ವಿದ್ಯಾರ್ಥಿಗಳು ಇದನ್ನು ಕೇಳಿಸಿಕೊಂಡರು. ಅವರಲ್ಲಿ ಎಷ್ಟು ಜನ ಅಂಕಿಗಳನ್ನು ಸ್ವಲ್ಪ ಸರಿಮಾಡಿಕೊಳ್ಳಲು ಮನಸ್ಸು ಮಾಡಿರಬಹುದು ಎಂದು ಯೋಚಿಸಿದರೆ ಭಯವಾಗುತ್ತದೆ. ಔಷಧ ಕೊಟ್ಟ ಸಮಯವನ್ನು ತಪ್ಪಾಗಿ ಬರೆಯುವ ನರ್ಸನ್ನು ನಾವು ಕ್ಷಮಿಸುವುದಿಲ್ಲ. ಪ್ರಬಂಧದ ಕೋಷ್ಟಕದಲ್ಲಿ ಸುಳ್ಳು ಬರೆಯಲು ಕಲಿತ ಕೈಯೇ ನಾಳೆ ಕೇಸ್ ಶೀಟ್‌ನಲ್ಲಿ ಬರೆಯುವುದು. ವ್ಯತ್ಯಾಸ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಸಿಗಬೇಕು, ಮತ್ತು ಅದನ್ನು ಪರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು.

ಇನ್ನು, ನಮ್ಮ ಪಾಠದ ಬಗ್ಗೆಯೇ ನಾವು ಮಾಡಬೇಕಾದ ಸಂಶೋಧನೆ. ಶುಶ್ರೂಷಾ ಶಿಕ್ಷಣದಲ್ಲಿ ಅತಿ ಕಡಿಮೆ ಪ್ರಶ್ನೆಗೊಳಗಾಗಿರುವುದು ನಾವು ಕಲಿಸುವ ರೀತಿ. ಇಷ್ಟು ಗಂಟೆ ವಾರ್ಡ್, ಇಷ್ಟು ಗಂಟೆ ತರಗತಿ ಎಂದು ಪಠ್ಯಕ್ರಮ ಹೇಳುತ್ತದೆ. ಆ ಗಂಟೆಗಳಲ್ಲಿ ವಿದ್ಯಾರ್ಥಿ ಏನು ಕಲಿತ, ಎಷ್ಟು ಹೊತ್ತು ಬರೀ ಗೋಡೆಗೆ ಒರಗಿ ನಿಂತಿದ್ದ ಎಂಬುದನ್ನು ಅಳೆದವರು ಕಡಿಮೆ. ಮನೋವಿಶ್ಲೇಷಕಿ ಇಸಬೆಲ್ ಮೆಂಝೀಸ್ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ 1960ರಲ್ಲಿ ಪ್ರಕಟವಾಯಿತು. ರೋಗಿಗಳ ನೋವು, ಸಾವು ಹುಟ್ಟಿಸುವ ಆತಂಕದಿಂದ ತಪ್ಪಿಸಿಕೊಳ್ಳಲು ಆಸ್ಪತ್ರೆಯ ವ್ಯವಸ್ಥೆಯೇ ಕೆಲಸವನ್ನು ಚೂರು ಚೂರಾಗಿ ಹಂಚಿ, ನರ್ಸ್ ಯಾವ ರೋಗಿಗೂ ಹತ್ತಿರವಾಗದಂತೆ ನೋಡಿಕೊಳ್ಳುತ್ತಿತ್ತು ಎಂದು ಅವರು ತೋರಿಸಿದರು. ರೋಗಿಯನ್ನು ಹೆಸರಿನ ಬದಲು ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಹೆಸರಿನಿಂದಲೋ ಕರೆಯುವುದು ಆ ವ್ಯವಸ್ಥೆಯ ಒಂದು ಭಾಗ. ಅದು ಆತಂಕವನ್ನು ನಿಜವಾಗಿ ಕಳೆಯಲೂ ಇಲ್ಲ, ಕೆಲಸದ ತೃಪ್ತಿಯನ್ನೂ ಕಿತ್ತುಕೊಂಡಿತು. ಆರು ದಶಕ ದಾಟಿದೆ. ನಮ್ಮ ವಿದ್ಯಾರ್ಥಿಗಳು ಇಂದಿಗೂ "ಹನ್ನೆರಡನೇ ಬೆಡ್" ಎನ್ನುತ್ತಾರೆ. ಹಾಗೆನ್ನಬೇಡಿ ಎಂದು ನಾವು ತಿದ್ದುತ್ತೇವೆ, ಅವರು ಹಾಗೆನ್ನಲು ಕಾರಣವಾದ ಹೆದರಿಕೆಯನ್ನು ವಿಚಾರಿಸುವುದಿಲ್ಲ.

ಶಿಕ್ಷಣದ ಸಂಶೋಧನೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಬಹುದು ಎಂಬುದಕ್ಕೂ ಸಾಕ್ಷಿಯಿದೆ. ಗೊಂಬೆ ಮತ್ತು ಕೃತಕ ಸನ್ನಿವೇಶಗಳ ಅಭ್ಯಾಸ, ಅಂದರೆ ಸಿಮ್ಯುಲೇಷನ್, ವಾರ್ಡ್ ತರಬೇತಿಯ ಜಾಗವನ್ನು ಎಷ್ಟರ ಮಟ್ಟಿಗೆ ತುಂಬಬಲ್ಲದು ಎಂಬ ವಾದ ಬಹುಕಾಲ ಬರೀ ಅಭಿಪ್ರಾಯಗಳ ಮೇಲೆ ನಡೆಯುತ್ತಿತ್ತು. ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು ಹತ್ತು ನರ್ಸಿಂಗ್ ಕಾರ್ಯಕ್ರಮಗಳ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ತರಬೇತಿ, ಇನ್ನೆರಡು ಗುಂಪುಗಳಿಗೆ ವಾರ್ಡ್ ಅವಧಿಯ ಶೇ 25 ಮತ್ತು ಶೇ 50ರಷ್ಟು ಸಿಮ್ಯುಲೇಷನ್ ಕೊಟ್ಟಿತು. ಪದವಿ ಮುಗಿದು ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳವರೆಗೂ ಅವರನ್ನು ಹಿಂಬಾಲಿಸಿ ನೋಡಿತು. 2014ರಲ್ಲಿ ಫಲಿತಾಂಶ ಬಂದಾಗ ಮೂರು ಗುಂಪುಗಳ ಸಾಮರ್ಥ್ಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಗಮನಿಸಿ, ಇಲ್ಲಿಯೂ ಉತ್ತರ "ವ್ಯತ್ಯಾಸವಿಲ್ಲ" ಎಂದೇ. ಅದನ್ನು ಯಾರೂ ವಿಫಲ ಎನ್ನಲಿಲ್ಲ. ಆದರೆ ಆ ಸಿಮ್ಯುಲೇಷನ್ ನಡೆದದ್ದು ತರಬೇತಿ ಪಡೆದ ಶಿಕ್ಷಕರ ಕೈಯಲ್ಲಿ, ಅಭ್ಯಾಸ ಮುಗಿದ ಮೇಲೆ ಕುಳಿತು ಮಾತಾಡುವ ವ್ಯವಸ್ಥೆಯೊಂದಿಗೆ. ಮೂಲೆಯಲ್ಲಿ ಒಂದು ಗೊಂಬೆ ಇಟ್ಟು ಅದೇ ಶೇ 50ನ್ನು ಉಲ್ಲೇಖಿಸಿದರೆ ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತಾಗುತ್ತದೆ. ಸಂಶೋಧನೆಯನ್ನು ಓದಲು ಬರುವುದು ಮಾಡಲು ಬರುವಷ್ಟೇ ಮುಖ್ಯ ಎಂದು ನಾನು ನಂಬಿರುವುದು ಇಂಥವನ್ನು ಕಂಡು.

ವಿದ್ವತ್ತು ಎಂದರೇನು ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಹೊಸದನ್ನು ಕಂಡುಹಿಡಿಯುವುದು ಮಾತ್ರ ವಿದ್ವತ್ತಲ್ಲ, ಚದುರಿದ ತಿಳಿವಳಿಕೆಯನ್ನು ಕೂಡಿಸುವುದು, ಬಳಕೆಗೆ ತರುವುದು, ಕಲಿಸುವುದು ಇವೂ ವಿದ್ವತ್ತೇ ಎಂದು ಅಮೆರಿಕದ ಶಿಕ್ಷಣ ಚಿಂತಕ ಅರ್ನೆಸ್ಟ್ ಬಾಯರ್ 1990ರಲ್ಲಿ ವಾದಿಸಿದರು. ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 1999ರಲ್ಲಿ ಆ ಚೌಕಟ್ಟನ್ನು ತನ್ನ ನಿಲುವಾಗಿ ಒಪ್ಪಿಕೊಂಡಿತು. ನಮ್ಮ ವೃತ್ತಿಗೆ ಇದು ಹೇಳಿ ಮಾಡಿಸಿದಂತಿದೆ. ನನಗೆ ಗೊತ್ತಿರುವ ಒಬ್ಬ ಶಿಕ್ಷಕಿ ಶಿಫ್ಟ್ ಬದಲಾಗುವಾಗ ರೋಗಿಯ ಮಾಹಿತಿ ಒಪ್ಪಿಸುವ ಕ್ರಮವನ್ನು ಎರಡು ವರ್ಷ ವಾರ್ಡ್‌ನವರೊಂದಿಗೆ ಕುಳಿತು ತಿದ್ದಿದರು. ಔಷಧದ ಡೋಸ್ ತಪ್ಪಿಹೋಗುವುದು ಕಡಿಮೆಯಾಯಿತೆಂದು ಅಲ್ಲಿನವರೇ ಹೇಳುತ್ತಾರೆ. ಬಡ್ತಿಯ ಅರ್ಜಿಯಲ್ಲಿ ಅದನ್ನು ಬರೆಯಲು ಅವರಿಗೆ ಒಂದು ಕಲಮೂ ಸಿಗಲಿಲ್ಲ.

ಇದೆಲ್ಲ ಶಿಕ್ಷಕರ ಹಿತದ ಮಾತು ಎಂದು ನಿಮಗೆ ಅನಿಸಿದರೆ ರೋಗಿಗಳ ಲೆಕ್ಕ ನೋಡಿ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಹಸಂಶೋಧಕರು ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 4,22,730 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದಲ್ಲಿ ಅದೇ ಸಂಭವ ಶೇ 7ರಷ್ಟು ಕಡಿಮೆಯಿತ್ತು. ಇದು ಕಾರಣವನ್ನು ಪೂರ್ತಿಯಾಗಿ ಸಾಬೀತುಪಡಿಸುವ ಬಗೆಯ ಅಧ್ಯಯನವಲ್ಲ. ಆದರೂ ನರ್ಸ್‌ಗಳ ಶಿಕ್ಷಣಕ್ಕೂ ರೋಗಿಯ ಉಳಿವಿಗೂ ಇರುವ ನಂಟು ಇಷ್ಟು ದೊಡ್ಡ ಲೆಕ್ಕದಲ್ಲಿ ಕಂಡ ಮೇಲೆ, ಆ ಶಿಕ್ಷಣದಲ್ಲಿ ಏನು ಕೆಲಸ ಮಾಡುತ್ತದೆ ಎಂದು ಹುಡುಕದೇ ಇರುವುದು ನಮಗೆ ತಕ್ಕದ್ದಲ್ಲ.

ನಾನು ಕೇಳುವುದು ಹೆಚ್ಚಿಲ್ಲ. ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಮಾರ್ಗದರ್ಶನ ಮಾಡುವ ಶಿಕ್ಷಕರ ವಾರದ ವೇಳಾಪಟ್ಟಿಯಲ್ಲಿ ಸಂಶೋಧನೆಗೆ ಗಂಟೆಗಳನ್ನು ಬರೆದು ಇಡಿ, ತಪಾಸಣೆಗೆ ಬಂದಾಗ ಆ ಗಂಟೆಗಳು ನಿಜವಾಗಿ ಸಿಕ್ಕವೇ ಎಂದು ಕೇಳಿ. ಉಳಿದದ್ದು ಇದರ ಹಿಂದೆ ತಾನಾಗಿ ಬರುತ್ತದೆಂದು ನಾನು ಹೇಳುವುದಿಲ್ಲ, ಆದರೆ ಇದಿಲ್ಲದೆ ಯಾವುದೂ ಬರುವುದಿಲ್ಲ. ಪದವಿ ತರಗತಿಯ ಪ್ರತಿ ವಿದ್ಯಾರ್ಥಿಯಿಂದಲೂ ಪುಟ್ಟ ಪ್ರಬಂಧ ಬರೆಸುವ ಬದಲು ಒಂದು ಅಧ್ಯಯನವನ್ನು ಸಾಲು ಸಾಲಾಗಿ ಓದಿ ಪ್ರಶ್ನಿಸಲು ಕಲಿಸಿದರೆ ಸಾಕು. ಸ್ನಾತಕೋತ್ತರದಲ್ಲಿ ಒಬ್ಬೊಬ್ಬರೂ ಒಂದೊಂದು ಹೊಸ ವಿಷಯ ಹುಡುಕಬೇಕೆಂಬ ಕಟ್ಟುಪಾಡನ್ನು ಸಡಿಲಿಸಿ. ಐದು ಜನ ಐದು ವಾರ್ಡ್‌ಗಳಲ್ಲಿ ಒಂದೇ ಪ್ರಶ್ನೆಯನ್ನು ಹಿಡಿಯಲಿ, ಮುಂದಿನ ತಂಡ ಅವರು ಬಿಟ್ಟಲ್ಲಿಂದ ಹಿಡಿಯಲಿ. ಮೂವತ್ತು ರೋಗಿಗಳ ಅಧ್ಯಯನ ಹೇಳಲಾರದ್ದನ್ನು ಮುನ್ನೂರು ರೋಗಿಗಳ ಅಧ್ಯಯನ ಹೇಳೀತು. ಬಡ್ತಿಯ ಅರ್ಜಿಯಲ್ಲಿ, ವಾರ್ಡ್‌ನ ಒಂದು ಅಭ್ಯಾಸವನ್ನು ಬದಲಿಸಿದ್ದಕ್ಕೆ, ಒಂದು ಪಾಠಕ್ರಮವನ್ನು ಪರೀಕ್ಷಿಸಿ ತಿದ್ದಿದ್ದಕ್ಕೆ ಒಂದು ಕಲಂ ಇರಲಿ.

ಮತ್ತು ಪ್ರತಿ ಪ್ರಬಂಧದ ಜೊತೆಗೆ ಒಂದು ಪುಟದ ಸಾರಾಂಶ ಕಡ್ಡಾಯವಾಗಲಿ. ಅಧ್ಯಯನ ನಡೆದ ವಾರ್ಡ್‌ನ ನರ್ಸ್‌ಗಳಿಗೆ ಮತ್ತು ಉತ್ತರ ಕೊಟ್ಟ ರೋಗಿಗಳಲ್ಲಿ ಬೇಕೆಂದವರಿಗೆ ಅರ್ಥವಾಗುವ ಮಾತಿನಲ್ಲಿ ಅದಿರಲಿ. ಅದು ತಲುಪಿದೆ ಎಂದು ವಾರ್ಡ್‌ನ ಮುಖ್ಯ ಶುಶ್ರೂಷಕಿ ಸಹಿ ಹಾಕಿದ ಮೇಲೆಯೇ ಪ್ರಬಂಧ ಸ್ವೀಕೃತವಾಗಲಿ. ನೈತಿಕ ಸಮಿತಿಗಳು ರೋಗಿಯ ಒಪ್ಪಿಗೆಯ ಪತ್ರವನ್ನು ಎಚ್ಚರದಿಂದ ನೋಡುತ್ತವೆ, ಅದು ಸರಿಯೇ. ರೋಗಿಗೆ ಮರಳಿ ಏನು ಹೋಗುತ್ತದೆ ಎಂಬುದನ್ನೂ ಅವು ಕೇಳಬೇಕು.

ನಮ್ಮ ವಿಭಾಗದಲ್ಲಿ ಮುಂದಿನ ತಂಡದ ಪ್ರಬಂಧಗಳ ವಿಷಯ ಆಯ್ಕೆಯ ಸಭೆ ಹತ್ತಿರ ಬಂದಿದೆ. ಈವರೆಗೆ ಆ ಸಭೆಯಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಮಾತ್ರ ಕೂರುತ್ತಿದ್ದೆವು. ಈ ಸಲ ಮೂಳೆ ವಾರ್ಡ್‌ನ ಮುಖ್ಯ ಶುಶ್ರೂಷಕಿಯನ್ನೂ ರಾತ್ರಿ ಪಾಳಿಯ ಇಬ್ಬರು ನರ್ಸ್‌ಗಳನ್ನೂ ಕರೆಯಲು ಅನುಮತಿ ಕೋರಿ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇನೆ. ಅವರ ಬಳಿ ಪ್ರಶ್ನೆಗಳ ಪಟ್ಟಿ ಈಗಾಗಲೇ ಸಿದ್ಧವಿದೆ. ಮೊದಲ ಪ್ರಶ್ನೆ, ಸೊಂಟದ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ರಾತ್ರಿ ಹೊತ್ತು ನೋವಿನ ಔಷಧ ಏಕೆ ತಡವಾಗುತ್ತದೆ ಎಂಬುದು. ದಯವಿಟ್ಟು ಆ ಅರ್ಜಿಯನ್ನು ಸಭೆಗೆ ಮುಂಚೆಯೇ ಪರಿಶೀಲಿಸಿ.

ವಿಶ್ವಾಸಿ,
ಒಬ್ಬ ನರ್ಸಿಂಗ್ ಶಿಕ್ಷಕಿ